ಗುಂಡಕಲ್ಲಿಗೆ ಹೊಲಿದ ಕುಲಾಯಿ

ಓದುಗರಲ್ಲಿ ವಿನಮ್ರವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಈ ಕೆಳಗೆ ವಿವರಿಸಿರುವ ಸಂಗತಿಯು ನನ್ನ ಹಾಗೂ ನನ್ನ ಪತ್ನಿ ಸವಿತಾಳ ಬಾಳಿನಲ್ಲಿ ನಡೆದಿರುತ್ತದೆ. ಇದರಲ್ಲಿ ಕಲ್ಪಿಸಿ ಸೇರಿಸಿದ್ದು ಏನೂ ಇರುವುದಿಲ್ಲ. ಇದಕ್ಕೂ ಮೊದಲು ನಾನು ಏನನ್ನೂ ಬರೆದವನಲ್ಲ, ತಪ್ಪಿದ್ದಲ್ಲಿ ಮನ್ನಿಸಬೇಕು.

ಮದುವೆಯ ನಂತರ ನಾವು ಮೊಟ್ಟಮೊದಲು ಸ್ವತಂತ್ರವಾಗಿ ಹಿಡಿದ ಮನೆಯು ಶಹಾಬಾದಿನ ಒಂದು ಅಪಾರ್ಟ್‌ಮೆಂಟಿನಲ್ಲಿರುತ್ತದೆ. ಸವಿತಾಳಿಗೆ ಆಗ ಏಳು ತಿಂಗಳು. ಹಿಂದೆ ಎರಡು ಸಲ ಗರ್ಭ ನಿಲ್ಲದೆ ಹೋಗಿದ್ದರಿಂದ, ಈ ಕೂಸಿಗಾಗಿಯೇ ಮನೆಯನ್ನು ಸಿಂಗರಿಸತೊಡಗಿದ್ದಳು. ಗೋಡೆಗೆ ತಿಳಿಹಸಿರು ಬಣ್ಣ, ಕಿಟಕಿಗೆ ಗಿಳಿಗಳಿರುವ ಪರದೆ... ಪಡಸಾಲೆಯ ಛಾವಣಿಯಲ್ಲಿ ಮೊದಲೇ ಇದ್ದ ಕಬ್ಬಿಣದ ಕೊಂಡಿಗೆ, ಚಂದ ಕಾಣಲೆಂದು, ಸರಪಳಿ ಹಾಕಿ ತೊಟ್ಟಿಲನ್ನೂ ಕಟ್ಟಿದೆವು.

ಎದುರು ಮನೆಯ ಮಹಾದೇವಕ್ಕ ಅದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

"ಯವ್ವಾ, ಕೂಸು ಬರೂಕಿಂತ ಮೊದಲೇ ತೊಟ್ಲಾ ಕಟ್ಟೀರಲ್ಲ. ಬರೇ ತೊಟ್ಲಾ ತೂಗಬಾರದು, ಬಿಚ್ಚರಿ."

"ಬರೇ ಯಾಕ ಬಿಡ್ತೀನಿ ಅಕ್ಕಾ, ಗುಂಡಕಲ್ಲು ಇಡ್ತೀನಿ. ಅದಕ್ಕೊಂದು ಕುಲಾಯಿನೂ ಹೊಲೀತೀನಿ," ಎಂದು ಸವಿತಾ ನಕ್ಕಳು.

"ಹೆಸರಿಡೂ ದಿನ ಇಡೂದು ಅದು. ಕೂಸು ಕೈಯಾಗ ಇದ್ದಾಗ." ಅಕ್ಕ ನಗಲಿಲ್ಲ.

ನಮ್ಮ ಕಡೆ ಹೆಸರಿಡುವ ದಿನ, ರುಬ್ಬುವ ಗುಂಡಕಲ್ಲನ್ನು ಕೂಸಿನಂತೆ ಸಿಂಗರಿಸಿ ಮೊದಲು ತೊಟ್ಟಿಲಲ್ಲಿ ತೂಗಿ, ಅದನ್ನು ತೆಗೆದ ಮೇಲೆಯೇ ಕೂಸನ್ನು ಮಲಗಿಸುವ ಪದ್ಧತಿ ಇರುತ್ತದೆ. ನಾವು ಕೂಸಿಲ್ಲದೆಯೇ ಕಲ್ಲನ್ನು ಮಲಗಿಸಿದೆವು. ಅದರ ತಲೆಗೆ ಕೆಂಪು ಕುಲಾಯಿ ತೊಡಿಸಿದೆವು.

ಆ ರಾತ್ರಿ ಕರೆಂಟ್ ಹೋಗಿತ್ತು. ಕಿಟಕಿಗಳು ಮುಚ್ಚಿದ್ದವು. ಕತ್ತಲಲ್ಲಿ ಸರಪಳಿಯ ಸಪ್ಪಳ... ಕಿರ್... ಕಿರ್...

ಸವಿತಾಳೇ ಎದ್ದು ತೂಗುತ್ತಿರಬೇಕೆಂದು ಭಾವಿಸಿ ಕೈ ಚಾಚಿದೆ. ಅವಳು ಪಕ್ಕದಲ್ಲೇ ಮಲಗಿದ್ದಳು.

ಮೊಬೈಲಿನ ಬೆಳಕು ಹಿಡಿದು ಪಡಸಾಲೆಗೆ ಹೋದೆ. ತೊಟ್ಟಿಲು ತೂಗುತ್ತಿತ್ತು... ನಿಧಾನವಾಗಿ, ಯಾರೋ ಕುಳಿತು ಜಗ್ಗುತ್ತಿರುವಂತೆ. ಹೊಸ ಬಣ್ಣದ ವಾಸನೆಯನ್ನೂ ಮೀರಿ ಎಳೆಗೂಸಿನ ಬಾಯಿಯ ಹಾಲಿನ ವಾಸನೆ ಬರುತ್ತಿತ್ತು. ನಿಲ್ಲಿಸಲೆಂದು ಒಳಗೆ ಕೈಯಿಟ್ಟೆ.

ಕಲ್ಲು ಬೆಚ್ಚಗಿತ್ತು. ಕುಲಾಯಿಯ ಅಂಚು ಒದ್ದೆಯಾಗಿತ್ತು. ಗಾಬರಿಯಿಂದ ಎತ್ತಿಕೊಂಡೆ.

"ಯಾಕ ಎತ್ತಿದ್ರಿ? ಈಗರೆ ಮಲಗಿತ್ತು..."

ಹಿಂದೆ ಸವಿತಾ ನಿಂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಏನಂದಿ?"

"ನಾ ಏನೂ ಅಂದಿಲ್ರಿ," ಎಂದು ಪಿಸುಗುಟ್ಟಿದಳು. "ಹೊಟ್ಟ್ಯಾಗ ಕೂಸು ಅಲುಗಾಡವಲ್ದು. ಅದನ್ನ ಹೇಳಲಿಕ್ಕ ಬಂದೀನಿ."

ಆ ರಾತ್ರಿಯೇ ಅವಳನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದೆನು. ಕೂಸಿನ ಎದೆಬಡಿತ ನಿಂತಿದೆಯೆಂದು ವೈದ್ಯರು ತಿಳಿಸಿದರು.

ಇದು ಇಂಥದ್ದರಿಂದಲೇ ಆಯಿತೆಂದು ನಾನು ಹೇಳಲಾರೆ. ಕಲ್ಲನ್ನು ಕಾಗಿಣಾ ನದಿಗೆ ಬಿಟ್ಟು ಬಂದೆನು. ತೊಟ್ಟಿಲನ್ನೂ ಸರಪಳಿಯನ್ನೂ ಬೇರೆಯವರಿಗೆ ಕೊಟ್ಟೆವು. ಮನೆ ಬಿಡೋಣವೆಂದರೆ ಸವಿತಾ ಒಪ್ಪುವುದಿಲ್ಲ.

"ನಾವು ಹೋದ್ರ ಅದರ ಜೊತಿ ಯಾರ್ ಇರ್ತಾರ್ರಿ?" ಎನ್ನುತ್ತಾಳೆ.

ಛಾವಣಿಯ ಕೊಂಡಿ ಮಾತ್ರ ಉಳಿದಿರುತ್ತದೆ. ಗೋಡೆಗೆ ಹಚ್ಚಿ ಮಿಕ್ಕಿದ್ದ ತಿಳಿಹಸಿರು ಬಣ್ಣವನ್ನೇ ಅದಕ್ಕೂ ಬಳಿದಿದ್ದೇನೆ. ಈಗಲೂ ಆಗಾಗ ಬಳಿಯುತ್ತಿದ್ದೇನೆ. ಬೆಳಗಾಗುವಷ್ಟರಲ್ಲಿ ಕೊಂಡಿಯ ಒಳಬದಿಯ ಬಣ್ಣವು, ರಾತ್ರಿಯೆಲ್ಲ ಸರಪಳಿ ಉಜ್ಜಿದಂತೆ, ಸವೆದು ಕಬ್ಬಿಣ ಹೊಳೆಯುತ್ತಿರುತ್ತದೆ...