ಮುರಿದ ಕೈಯ ನೋವು ಎಲ್ಲಿ ಹೋಗಿತ್ತು?

ಕಳೆದ ಭಾನುವಾರ ನನ್ನ ಎಡ ಮಣಿಕಟ್ಟಿನ ಮೂಳೆ ಮುರಿಯಿತು. ವಿಚಿತ್ರ ಗೊತ್ತೇ? ಸುಮಾರು ಹೊತ್ತು ಅದು ನನಗೇ ಗೊತ್ತಿರಲಿಲ್ಲ!

ಅನ್ನಪೂರ್ಣೇಶ್ವರಿ ನಗರದ ಅಕ್ಕನ ಮನೆಗೆ ಬೆಳಗಿನ ತಿಂಡಿಗೆ ಹೋಗಿದ್ದೆ. ಅಕ್ಕನ ಅತ್ತೆ ರಂಗಮ್ಮನವರು ಗೇಟಿನ ಹೊರಗೆ ಕೂತು ರಂಗೋಲಿ ಹಾಕುತ್ತಿದ್ದರು. ವಯಸ್ಸು ಎಂಬತ್ತರ ಹತ್ತಿರ. ಸ್ಕೂಟರ್ ಒಳಗೆ ನಿಲ್ಲಿಸೋಣವೆಂದು ಸ್ಲೈಡಿಂಗ್ ಗೇಟನ್ನು ಪಕ್ಕಕ್ಕೆ ಎಳೆದೆ. (ಜೋರಾಗಿಯೇ ಎಳೆದೆ. ತಪ್ಪು ನನ್ನದೇ.) ಗೇಟು ಕಂಬಿಯಿಂದ ಕಳಚಿಕೊಂಡು ಹೊರಕ್ಕೆ ವಾಲಿತು. ಸೀದಾ ರಂಗಮ್ಮನವರ ತಲೆಯ ಮೇಲಕ್ಕೆ.

"ಅಮ್ಮಾ, ಏಳಿ! ಏಳಿ!"

ಮಂಡಿ ನೋವಿನವರು, ಎಲ್ಲಿಂದ ಏಳುತ್ತಾರೆ? ಎರಡೂ ಕೈ ಚಾಚಿ ಗೇಟಿಗೆ ಅಡ್ಡ ನಿಂತೆ. ಕಬ್ಬಿಣದ ಚೌಕಟ್ಟು ಎಡಗೈಗೆ ಅಪ್ಪಳಿಸಿತು. ಭುಜ ಕೊಟ್ಟು ಹಿಡಿದೆ. ಎದುರಿನಿಂದ ಆಟೋದವನೊಬ್ಬ "ಬಿಡ್ಬೇಡಿ ಸಾರ್, ಬಂದೆ!" ಎನ್ನುತ್ತಾ ಓಡಿ ಬಂದ. ಅಕ್ಕನ ಮಗಳು ಸಹನಾ ಒಳಗಿನಿಂದ ಬಂದವಳೇ ಅಜ್ಜಿಯನ್ನು ಆಚೆಗೆ ಎಳೆದುಕೊಂಡಳು. ಆಟೋದವನೂ ನಾನೂ ಗೇಟನ್ನು ಗೋಡೆಗೆ ಒರಗಿಸಿದೆವು.

ಆಮೇಲೆ ಮೆಟ್ಟಿಲ ಮೇಲೆ ಕೂತು ನೀರು ಕುಡಿದೆ.

"ಮಾವ, ನಿಮ್ಮ ಕೈ ನೋಡ್ಕೊಳ್ಳಿ!" ಎಂದಳು ಸಹನಾ. ಮಣಿಕಟ್ಟು ಊದಿ, ಸೊಟ್ಟಗಾಗಿತ್ತು. ನೋವು? ಊಹೂಂ, ಚೂರೂ ಇಲ್ಲ.

ರಂಗಮ್ಮನವರು ಹತ್ತಿರ ಬಂದು ನನ್ನ ತಲೆ ಸವರಿದರು. "ನಂಗೇನೂ ಆಗಿಲ್ಲ ಕಣಪ್ಪ."

ಅಷ್ಟೇ. ಆಗ ಬಂತು ನೋಡಿ ನೋವು! ಕಣ್ಣು ಕತ್ತಲಿಟ್ಟಿತು. ಅದೇ ಆಟೋದಲ್ಲಿ ಸಹನಾ ನನ್ನನ್ನು ಮಾಗಡಿ ರಸ್ತೆಯ ಆಸ್ಪತ್ರೆಗೆ ಕರೆದೊಯ್ದಳು.

ಎಕ್ಸ್‌ರೇಗೆ ಕಾಯುತ್ತಾ ಕೇಳಿದೆ. "ಅಷ್ಟು ಹೊತ್ತು ಈ ನೋವು ಎಲ್ಲಿ ಹೋಗಿತ್ತೇ?"

ಅವಳ ಕಣ್ಣು ಹೊಳೆದವು. ಸಹನಾ ಪಿಎಚ್‌ಡಿ ಮಾಡುತ್ತಿದ್ದಾಳೆ. (ಯಾವುದರಲ್ಲಿ? ಏನೋ ಸೈನ್ಸು. ನನಗೆ ಗೊತ್ತಿದ್ದದ್ದು ಅಷ್ಟೇ.)

"ನೋವಿನ ಸುದ್ದಿ ಕೈಯಿಂದ ಬೆನ್ನುಹುರಿಗೆ ಬರುತ್ತೆ ಮಾವ. ಅಲ್ಲಿ ನರದ ತುದೀಲಿ ಕ್ಯಾಲ್ಸಿಯಂ ಚಾನೆಲ್ ಅಂತ ಪುಟ್ಟ ಪುಟ್ಟ ಬಾಗಿಲುಗಳಿವೆ. ಅವು ತೆರ್ಕೊಂಡು ಕ್ಯಾಲ್ಸಿಯಂ ಒಳಗೆ ನುಗ್ಗಿದ್ರೇನೇ ಸುದ್ದಿ ಮುಂದಿನ ನರಕ್ಕೆ ದಾಟೋದು."

"ಕ್ಯಾಲ್ಸಿಯಂ ಅಂದ್ರೆ ನಿಮ್ಮಮ್ಮ ನುಂಗೋ ಮಾತ್ರೆ?"

"ಅದೇ ಕ್ಯಾಲ್ಸಿಯಂ! ಬರೀ ಮೂಳೆಗೆ ಅಂದ್ಕೊಂಡಿದೀರಾ? ಅಪಾಯದ ಹೊತ್ನಲ್ಲಿ ಮಿದುಳು, ಈಗ ನೋವು ಬೇಡ ಅನ್ನುತ್ತೆ. ಆಗ ಬೆನ್ನುಹುರಿಯ ಕೆಲವು ಕೋಶಗಳು ಎನ್‌ಕೆಫಲಿನ್ ಅನ್ನೋ ನ್ಯೂರೋಪೆಪ್ಟೈಡ್, ಅಂದ್ರೆ ನರದಿಂದ ನರಕ್ಕೆ ಸುದ್ದಿ ಒಯ್ಯೋ ಪದಾರ್ಥ, ಬಿಡ್ತವೆ. ಐದೇ ಐದು ಅಮೈನೋ ಆಸಿಡ್ ಪೋಣಿಸಿದ ಚೂರು! ಅದು ನರದ ಹೊರಗಡೆ ಬಂದು ಅಂಟ್ಕೊಂಡ್ರೆ ಸಾಕು, ಒಳಗಡೆ ಒಂದು ಪ್ರೋಟೀನ್ ಎದ್ದು ಹೋಗಿ ಆ ಬಾಗಿಲುಗಳನ್ನ ಅಷ್ಟು ಸುಲಭಕ್ಕೆ ತೆಗೆಯೋಕೆ ಬಿಡಲ್ಲ. ಸುದ್ದಿ ಅಲ್ಲೇ ಸೊರಗಿ ಹೋಗುತ್ತೆ!"

ಇದನ್ನು ಅವಳು ಲ್ಯಾಬಿನಲ್ಲಿ ಕಣ್ಣಾರೆ ನೋಡುತ್ತಾಳಂತೆ. ಕೂದಲಿಗಿಂತ ಸಣ್ಣ ತುದಿಯ ಗಾಜಿನ ನಳಿಕೆಯಿಂದ ಒಂದೇ ಒಂದು ನರಕೋಶವನ್ನು ಹಿಡಿದು, ಕ್ಯಾಲ್ಸಿಯಂ ಒಳಗೆ ಹರಿಯುವುದನ್ನು ಅಳೆಯುತ್ತಾಳೆ. ಆ ಪೆಪ್ಟೈಡ್ ಹಾಕಿದರೆ ಹರಿವು ಇಳಿಯುತ್ತದೆ. ತೊಳೆದರೆ ಮತ್ತೆ ಏರುತ್ತದೆ. ಬೇರೆ ಕೆಲವು ಪೆಪ್ಟೈಡ್‌ಗಳು ಹರಿವನ್ನು ಹೆಚ್ಚಿಸುವುದೂ ಉಂಟಂತೆ.

"ಮೊದಲನೇ ಸಲ ಹರಿವು ಇಳಿದಾಗ ಲ್ಯಾಬಲ್ಲಿ ಒಬ್ಳೇ ಕುಣಿದ್ಬಿಟ್ಟೆ ಮಾವ!"

ನನಗೂ ಕುಣಿಯಬೇಕೆನಿಸಿತು. ಹೇಳದೆ ಕೇಳದೆ ನನ್ನೊಳಗೇ ಇಷ್ಟೆಲ್ಲ ನಡೆದುಹೋಗಿದೆ! ಗೇಟು ಹಿಡಿದಾಗಲೇ ನೋವು ಬಂದಿದ್ದರೆ ನಾನು ಕೈ ಬಿಟ್ಟುಬಿಡುತ್ತಿದ್ದೆನೋ ಏನೋ. ಆಮೇಲೆ ರಂಗಮ್ಮನವರ ಗತಿ?

"ಇಷ್ಟೊಳ್ಳೆ ವಿಷಯ ಮನೇಲಿ ಯಾಕೇ ಹೇಳಿಲ್ಲ?" ಎಂದೆ.

ಅವಳು ನಕ್ಕಳು. "ಮೂರು ವರ್ಷದಲ್ಲಿ ಕೇಳಿದ್ದು ನೀವೊಬ್ರೇ ಮಾವ. ಮಿಕ್ಕವರೆಲ್ಲ ಕೇಳೋದು, ಮುಗಿಯೋದು ಯಾವಾಗ, ಮದುವೆ ಯಾವಾಗ."

ಆ ಮಿಕ್ಕವರಲ್ಲಿ ಮೊನ್ನೆಯವರೆಗೆ ನಾನೂ ಇದ್ದೆ. ನಿಮ್ಮ ಮನೆಯಲ್ಲಿ ಓದುತ್ತಿರುವ ಹುಡುಗಿಯನ್ನು, "ಏನು ಓದ್ತಾ ಇದೀಯಮ್ಮ?" ಎಂದು ಕೂತು ಕೇಳಿದ್ದೀರಾ?