ಅಕ್ಕನ ಸೋಮವಾರದ ಮಾತ್ರೆ

ಇವತ್ತು ಬೆಳಿಗ್ಗೆ ಶಿವಮೊಗ್ಗದ ರವೀಂದ್ರನಗರದ ಪಾರ್ಕಿನಲ್ಲಿ ಯಾರೋ ಸೊಳ್ಳೆ ಮುಲಾಮು ಹಚ್ಚಿಕೊಂಡು ಪಕ್ಕದಲ್ಲೇ ಹಾದುಹೋದರು. ಆ ವಾಸನೆ ನಿಮಗೆ ಹಿತವೆನಿಸಬಹುದು. ನನಗೆ ಕೈಕಾಲು ತಣ್ಣಗಾಗುತ್ತವೆ. ಬೆಂಚು ಹುಡುಕಿ ಕೂತುಬಿಟ್ಟೆ.

ಕೆಲವು ವರ್ಷಗಳ ಹಿಂದೆ ನಾನೂ ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ಅಕ್ಕನೂ ಆಫ್ರಿಕಾದ ಸಫಾರಿಗೆ ಹೋಗಿದ್ದೆವು. ತ್ಯಾವರೆಕೊಪ್ಪದ ಸಿಂಹಧಾಮದಲ್ಲಿ ಮಲಗಿದ್ದ ಸಿಂಹವನ್ನೇ ನೋಡಿ ನೋಡಿ ಬೇಸತ್ತ ಅಕ್ಕ, "ಎದ್ದು ಓಡಾಡೋ ಸಿಂಹ ನೋಡ್ಬೇಕು ಕಣೆ" ಎಂದದ್ದೇ ನೆಪ. ನಾನೋ, ಸಿಂಹಕ್ಕಿಂತ ಸೊಳ್ಳೆಗೆ ಹೆದರುವವಳು. ತುಂಬುತೋಳಿನ ಬಟ್ಟೆ, ಕಾಲುಚೀಲ, ಸೊಳ್ಳೆಪರದೆ, ಮುಲಾಮು ಎಲ್ಲ ತುರುಕಿದ ಮೇಲೆ ಸೂಟ್‌ಕೇಸಿನಲ್ಲಿ ಒಂದು ಒಳ್ಳೆಯ ಸೀರೆಗೂ ಜಾಗವಿರಲಿಲ್ಲ.

ಮಲೇರಿಯಾ ಬಾರದಂತೆ ಡಾಕ್ಟರು ವಾರಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಹೊರಡುವ ಮೊದಲೇ ಶುರು ಮಾಡಿ, ಬಂದ ಮೇಲೂ ಕೆಲವು ವಾರ ನುಂಗಬೇಕು. "ವಾರದಲ್ಲಿ ಯಾವುದಾದ್ರೂ ಒಂದು ದಿನ ಗೊತ್ತು ಮಾಡ್ಕೊಳ್ಳಿ. ಊಟ ಮಾಡಿ ತಗೊಳ್ಳಿ" ಎಂದರು. ನಾನು ಬುಧವಾರ ಎಂದೆ. ಅಕ್ಕ ಸೋಮವಾರ ಎಂದಳು. ಶಿವನ ವಾರ, ಅದನ್ನು ಅವಳು ಮರೆಯುವ ಮಾತೇ ಇಲ್ಲ. ಆದರೆ ಸೋಮವಾರ ಅವಳದು ಒಪ್ಪತ್ತು. ಸಂಜೆ ಪೂಜೆ ಮುಗಿಯುವವರೆಗೆ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ.

ಅಲ್ಲಿ ಸಿಂಹ ಎದ್ದು ಓಡಾಡಿತು. ನನ್ನ ಗಮನವೆಲ್ಲ ಕಿವಿಯ ಹತ್ತಿರದ ಗುಂಯ್‌ಗುಟ್ಟುವಿಕೆಯ ಮೇಲೆ. "ಭದ್ರಾವತಿ ಸೊಳ್ಳೆಗೇ ಜಗ್ಗದೋಳು ನಾನು, ಸುಮ್ನಿರು ಮಾರಾಯ್ತಿ" ಎಂದು ಅಕ್ಕ ನಗುತ್ತಿದ್ದಳು.

ಊರಿಗೆ ಬಂದ ಮೇಲೆ ಅವಳಿಗೆ ಜ್ವರ ಬಂತು. ಮಳೆಗಾಲ, ಜನ್ನಾಪುರದಲ್ಲಿ ಮನೆಮನೆಗೂ ಜ್ವರ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಬಸ್ಸು ಹಿಡಿದು ಹೋದಾಗ ಎರಡು ಕಂಬಳಿಯ ಕೆಳಗೆ ಅವಳ ಹಲ್ಲು ಕಟಕಟ ಎನ್ನುತ್ತಿತ್ತು, ಕಣ್ಣು ಹಳದಿಯಾಗಿತ್ತು.

"ಮಾತ್ರೆ ಸರಿಯಾಗಿ ತಗೊಂಡ್ಯಾ ಅಕ್ಕ?"

"ಒಂದು ಸೋಮವಾರನೂ ತಪ್ಪಿಸಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೊಂಡ್ರೆ ನಿಲ್ತಿರ್ಲಿಲ್ಲ, ಅಷ್ಟೆ. ನುಂಗಿದ ಕೂಡ್ಲೇ ವಾಂತಿ. ಪಿತ್ತ ಅಂದ್ಕೊಂಡೆ."

ಶಿವಮೊಗ್ಗದ ಆಸ್ಪತ್ರೆಗೆ ಕರೆತಂದೆವು. ರಕ್ತ ನೋಡಿದ ಡಾಕ್ಟರು, "ಮಲೇರಿಯಾನೇ. ತಲೆಗೇರೋ ಜಾತಿ. ಈಗ್ಲೇ ಏನೂ ಹೇಳಕ್ಕಾಗಲ್ಲಮ್ಮ" ಎಂದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ನನ್ನನ್ನು ನೋಡಿ, ತೀರಿಹೋದ ನಮ್ಮ ಅಮ್ಮನೆಂದುಕೊಂಡು ಮಾತಾಡತೊಡಗಿದಳು.

ವ್ರತ, ನೇಮ ಎಂದರೆ ನನಗೆ ಅಷ್ಟಕ್ಕಷ್ಟೆ. "ಶಿವನಿಗೂ ನಿನ್ನ ಹೊಟ್ಟೆಗೂ ಏನಕ್ಕ ಜಗಳ?" ಎಂದು ಅವಳನ್ನು ಕಿಚಾಯಿಸಿದವಳೇ ನಾನು. ಆ ಮಧ್ಯಾಹ್ನ ಐಸಿಯು ಬಾಗಿಲ ಹೊರಗೆ ಕೈಮುಗಿದು ನಿಂತೆ. ಅವಳ ಸೋಮವಾರದ ಒಪ್ಪತ್ತನ್ನು ಇನ್ನು ನಾನು ಮಾಡುತ್ತೇನೆ, ಅವಳನ್ನು ಬಿಟ್ಟುಬಿಡು ಎಂದೆ. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಅಕ್ಕ ಉಳಿದಳು. ಡಾಕ್ಟರು ಬೈದ ಮೇಲೆ ಒಪ್ಪತ್ತು ಬಿಟ್ಟಳು.

ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಾಗಲೇ ಅವಳ ಫೋನು ಬಂತು. ಇವತ್ತೂ ಸೋಮವಾರ.

"ಅವಲಕ್ಕಿ ತಿಂದೆ ಕಣೆ. ನಿಂದಾಯ್ತಾ ತಿಂಡಿ?"

"ಆಯ್ತಕ್ಕ" ಎಂದೆ.

ಹರಕೆಯ ವಿಷಯ ಅವಳಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಬಿಡು ಎನ್ನುತ್ತಾಳೆ. ಬಿಡುವುದಕ್ಕೆ ನನಗೆ ಭಯ.