ಅಮರೇಶಪ್ಪನವರ ಕಡಲ ಫೈಲು

ಅಮರೇಶಪ್ಪನವರಿಗೆ ಐವತ್ನಾಲ್ಕು ತುಂಬಿತ್ತು. ಅಷ್ಟೂ ವರ್ಷಗಳಲ್ಲಿ ಅವರು ಒಂದು ಮೀನು ಮುಟ್ಟಿದವರಲ್ಲ, ಸಮುದ್ರ ಕಂಡವರಲ್ಲ. ರಾಯಚೂರು ಜಿಲ್ಲೆಯ ಮಾನ್ವಿಯ ಲಿಂಗಾಯತರ ಮನೆ. ತತ್ತಿಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮಂದಿ. ಅಂಥವರ ತಲೆಯ ಮೇಲೆ, ಒಬ್ಬ ವಿದೇಶಿ ಸಾಹೇಬನಿಗೆ ದಕ್ಷಿಣದ ಕರಾವಳಿಯುದ್ದಕ್ಕೂ ಮೂರು ದಿನ ಮೀನು ಹಿಡಿಸುವ ಪ್ರವಾಸದ ಹೊಣೆ ಬಂದು ಕೂತಿತು. ಯಾರೂ ತಂದು ಕೂರಿಸಲಿಲ್ಲ, ತಾವೇ ಹೊತ್ತುಕೊಂಡರು.

ಆಗ ಹೈದರಾಬಾದಿನ ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ನಿನ್ನೆ ಕಾಲೇಜು ಬಿಟ್ಟ ಹುಡುಗರು ಇವತ್ತು ಕಾರು ಕೊಳ್ಳುತ್ತಿದ್ದರು. ಅಮರೇಶಪ್ಪನವರು ಇದ್ದ ಸಾಫ್ಟ್‌ವೇರ್ ಕಂಪನಿಯೂ ಎರಡು ಕೋಣೆಯಿಂದ ನಾಲ್ಕು ಮಹಡಿಗೆ ಬೆಳೆದಿತ್ತು. ಎರಡು ಕೋಣೆಯಿದ್ದ ಕಾಲದಿಂದ ಅವರು ಅಲ್ಲಿನ ಅಡ್ಮಿನ್ ಗುಮಾಸ್ತ. ಕ್ಯಾಬು, ಗುರುತಿನ ಚೀಟಿ, ಚಹಾದ ಮಷೀನು, ಯಾರದೋ ಹುಟ್ಟುಹಬ್ಬದ ಕೇಕು, ಎಲ್ಲಕ್ಕೂ ಅವರೇ. ಊರಿಗೆಲ್ಲ ಹಬ್ಬ ಬಂದ ಆ ಹೊತ್ತಿನಲ್ಲೇ ಅವರ ಮನೆಗೆ ಮಾತ್ರ ಸಿಡಿಲು ಬೀಳುವಂತಾಯಿತು. ಅಡ್ಮಿನ್ ಕೆಲಸವನ್ನೆಲ್ಲ ಹೊರಗಿನ ಏಜೆನ್ಸಿಗೆ ಕೊಡುತ್ತಾರಂತೆ, ಇರುವ ನಾಲ್ವರಲ್ಲಿ ಒಬ್ಬರನ್ನು ಉಳಿಸಿಕೊಂಡರೆ ಹೆಚ್ಚು ಎಂಬ ಸುದ್ದಿ ಮೇ ತಿಂಗಳಲ್ಲಿ ಬಂತು.

ಸಂಬಳ ಹೋದರೆ ಹೋಗಲಿ, ಎಲ್ಲಾದರೂ ವಾಚ್‌ಮನ್ ಆಗಿ ನಿಂತೇನು ಎಂದು ಅವರು ಅಂದುಕೊಳ್ಳಬಹುದಿತ್ತು. ಆದರೆ ಸಂಬಳದ ಜೊತೆ ವಿಮೆಯ ಕಾರ್ಡು ಹೋಗುತ್ತಿತ್ತು. ಹೆಂಡತಿ ಸೂಗಮ್ಮನ ಎರಡೂ ಕಿಡ್ನಿ ಕೆಟ್ಟು ಮೂರು ವರ್ಷವಾಗಿತ್ತು. ಮಂಗಳವಾರ, ಶುಕ್ರವಾರ ಮಿಯಾಪುರದ ಆಸ್ಪತ್ರೆಯಲ್ಲಿ ನಾಲ್ಕು ನಾಲ್ಕು ತಾಸು ರಕ್ತ ತೊಳೆಯುವ ಮಷೀನಿನ ಪಕ್ಕ ಮಲಗಿದರೆ ಅವಳಿಗೆ ಮುಂದಿನ ಮೂರ್ನಾಲ್ಕು ದಿನದ ಉಸಿರು. ಅದನ್ನು ಕೊಡುತ್ತಿದ್ದದ್ದು ಆ ಕಾರ್ಡು. ಐವತ್ನಾಲ್ಕರ ಮುದುಕನನ್ನು ಸೇರಿಸಿಕೊಂಡು, ಕಾಯಿಲೆಯ ಹೆಂಡತಿಗೂ ಕಾರ್ಡು ಕೊಡುವ ಇನ್ನೊಂದು ಕಂಪನಿ ಹೈದರಾಬಾದಿನಲ್ಲಿ ಎಲ್ಲಿತ್ತು? ಕಾರ್ಡಿದ್ದರೆ ಸೂಗಮ್ಮ ಇರುತ್ತಾಳೆ, ಇಲ್ಲದಿದ್ದರೆ ಇಲ್ಲ. ಈ ಮಾತನ್ನು ಅವರು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಯ ಕಷ್ಟವನ್ನು ಕೆಲಸದ ಜಾಗದಲ್ಲಿ ಬಿಚ್ಚುವುದು ಭಿಕ್ಷೆ ಬೇಡಿದಂತೆ ಎಂಬ ಹಳೆಯ ಕಾಲದ ಬಿಗುಮಾನ.

ಹೀಗಿರುವಾಗ ಒಂದು ಮಧ್ಯಾಹ್ನ ಋಷಭ್ ಅವರನ್ನು ಕರೆಸಿದ. ಮೂವತ್ತೊಂದು ವರ್ಷದ ದೆಹಲಿ ಹುಡುಗ, ಅವರ ದೊಡ್ಡ ಸಾಹೇಬ. ಕಂಪನಿಯ ಅತಿ ದೊಡ್ಡ ಗಿರಾಕಿ ಜೂನ್ ಕೊನೆಗೆ ಬರುತ್ತಾನೆ, ಅವನಿಗೆ ಗಾಳ ಹಾಕಿ ಮೀನು ಹಿಡಿಯುವ ಹುಚ್ಚು, ದಕ್ಷಿಣದ ಸಮುದ್ರ ತೋರಿಸಬೇಕು ಎಂದ. ಆಮೇಲೆ ಕೇಳಿದ: "ಅಮರೇಶ್‌ಜೀ, ಆಪ್ ಕರ್ನಾಟಕ್ ಸೇ ಹೈಂ ನಾ? ಮಂಗಳೂರ್?"

ಅವನ ಪಾಲಿಗೆ ಕರ್ನಾಟಕದಲ್ಲಿ ಇದ್ದದ್ದು ಎರಡೇ ಊರು, ಕೆಲಸಕ್ಕೆ ಬೆಂಗಳೂರು, ಮೀನಿಗೆ ಮಂಗಳೂರು. ಅಲ್ಲ ಸಾರ್, ಮಾನ್ವಿ, ಅಲ್ಲಿಂದ ಸಮುದ್ರಕ್ಕೆ ಹೋಗಲು ಒಂದು ದಿನ ಬೇಕು ಎನ್ನುವುದು ಅಮರೇಶಪ್ಪನವರ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಋಷಭ್ ಇನ್ನೊಂದು ಮಾತು ಸೇರಿಸಿದ. ಈ ಪ್ರವಾಸ ಚೆನ್ನಾಗಿ ಆದರೆ ಉಳಿಸಿಕೊಳ್ಳುವ ಆ ಒಬ್ಬರ ಹೆಸರು ನಿಮ್ಮದಾಗಲಿ ಎಂದು ಕಮಿಟಿಯಲ್ಲಿ ನಾನೇ ಹೇಳುತ್ತೇನೆ.

"ಹೌದು ಸಾರ್, ನಮ್ಮದೇ ಕಡೆ. ನಮ್ಮ ಮಾವಂದೇ ದೋಣಿ ಅದ," ಅಂದುಬಿಟ್ಟರು ಅಮರೇಶಪ್ಪನವರು, ಹಿಂದಿಯಲ್ಲಿ. ಅವರ ಮಾವನ ಹತ್ತಿರ ಇದ್ದದ್ದು ಎರಡು ಎತ್ತು, ಒಂದು ಚಕ್ಕಡಿ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವರ ಹುಲ್ಲುಕಡ್ಡಿ ಮಿಯಾಪುರದ ಅವರ ಮನೆಯ ಮೇಲಿನ ಮಹಡಿಯಲ್ಲೇ ಇತ್ತು. ಗಂಗೊಳ್ಳಿಯ ಕಮಲಾಕ್ಷಿ ಅಲ್ಲಿದ್ದುಕೊಂಡು, ಕರಾವಳಿಯ ಐಟಿ ಹುಡುಗರಿಗೆ ಮೀನುಸಾರಿನ ಊಟ ಕಟ್ಟಿ ಕಳಿಸುತ್ತಿದ್ದಳು. ಮೆಟ್ಟಿಲಿಳಿದು ಬರುವ ಆ ವಾಸನೆಗೆ ಸೂಗಮ್ಮ ಮೊದಲ ವರ್ಷ ಬಾಗಿಲು ಹಾಕಿಕೊಳ್ಳುತ್ತಿದ್ದಳು; ಕಾಯಿಲೆ ಬಿದ್ದ ಮೇಲೆ ಅದೇ ಬಾಗಿಲು ತೆಗೆದು ಕಮಲಾಕ್ಷಿ ಬಂದು ತಲೆ ಬಾಚುತ್ತಿದ್ದಳು.

ಸುದ್ದಿ ಕೇಳಿ ಕಮಲಾಕ್ಷಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಎಂತ ಮಾರಾಯ್ರೆ, ಜೂನ್ ಕೊನೆಗಾ? ಮಳೆಗಾಲದಲ್ಲಿ ನಮ್ಮ ಕಡಲಿಗೆ ಯಾರಾದ್ರೂ ಇಳಿತಾರಾ ಅಣ್ಣ? ಬೋಟೆಲ್ಲ ಮೇಲೆ ಎಳೆದು ಕಟ್ಟಿರ್ತಾರೆ. ಸರ್ಕಾರವೇ ಬಂದ್ ಮಾಡ್ತದೆ. ಮೀನು ಮೊಟ್ಟೆ ಇಡುವ ಕಾಲ."

ಅಮರೇಶಪ್ಪನವರು ಅಲ್ಲೇ ಹೊಸ್ತಿಲ ಮೇಲೆ ಕೂತರು. "ಸಮುದ್ರನೂ ಬಂದ್ ಆಗ್ತೈತೇನು ತಂಗಿ? ಅದೇನ್ ಅಂಗಡಿ ಏನು?" ಎಂದರು. ಬಯಲುಸೀಮೆಯ ಮನುಷ್ಯ, ಅವರಿಗೆ ಹೇಗೆ ಗೊತ್ತಿರಬೇಕು!

ನಗಲು ಹೊರಟ ಕಮಲಾಕ್ಷಿ ಅವರ ಮುಖ ನೋಡಿ ನಗು ನುಂಗಿದಳು. ಒಂದು ದಾರಿ ಹೇಳಿದಳು. ಪೂರ್ವದ ಕಡಲಿನ ಬಂದ್ ಬೇಸಿಗೆಯಲ್ಲೇ ಮುಗಿದಿರುತ್ತದೆ. ಅವಳ ಅಣ್ಣನ ಬೋಟಿನಲ್ಲಿ ಇಪ್ಪತ್ತು ವರ್ಷ ದುಡಿದ ಪೋಲಯ್ಯ ಆಂಧ್ರದ ಮಚಲಿಪಟ್ಟಣದ ಕಡೆಯವನು. ಮಳೆಗಾಲಕ್ಕೆ ಗಂಗೊಳ್ಳಿಯಲ್ಲಿ ಬೋಟು ಕಟ್ಟಿದ ಕೂಡಲೇ ಅವನು ತನ್ನೂರಿಗೆ ಹೋಗಿ ಸ್ವಂತ ದೋಣಿ ಇಳಿಸುತ್ತಾನೆ. "ನಮ್ಮ ಅಮ್ಮನ ಕೈಯ ಊಟ ಉಂಡವ. ನಾನು ಹೇಳಿದರೆ ಇಲ್ಲ ಅನ್ಲಿಕ್ಕಿಲ್ಲ."

ಮರುದಿನ ಅಮರೇಶಪ್ಪನವರು ಋಷಭ್‌ನ ಮುಂದೆ ನಿಂತು ಬೆವರುತ್ತಾ ಸತ್ಯ ಹೇಳಿದರು. ಮಂಗಳೂರಿನ ಕಡೆ ಕಡಲು ಬಂದ್ ಇದೆ, ಅದು ನನ್ನ ಊರೂ ಅಲ್ಲ, ಮಾವನಿಗೆ ದೋಣಿಯೂ ಇಲ್ಲ, ಆದರೆ ಮಚಲಿಪಟ್ಟಣದಿಂದ ದಕ್ಷಿಣಕ್ಕೆ ಚೀರಾಲದವರೆಗೆ ಎಲ್ಲ ಹೊಂದಿಸಿಕೊಡುತ್ತೇನೆ. ಋಷಭ್ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಅವನು ನಕ್ಕ, ಸೋಮವಾರ ಪ್ಲ್ಯಾನು ಮೇಜಿನ ಮೇಲಿರಬೇಕು, ಈ ಸಲ ಒಂದು ಸುಳ್ಳೂ ಇರಬಾರದು ಎಂದ.

ಶುಕ್ರವಾರ ಸೂಗಮ್ಮನ ಮಷೀನು ಮುಗಿಸಿ, ಮನೆಗೆ ಬಿಟ್ಟು, ಅಮರೇಶಪ್ಪನವರು ಮಚಲಿಪಟ್ಟಣದ ಬಸ್ಸು ಹತ್ತಿದರು. "ಸಮುದ್ರ ನೋಡಿ ಬಂದು ಹೆಂಗಿತ್ತು ಅಂತ ಹೇಳ್ರಿ," ಎಂದಿದ್ದಳು ಅವಳು. ಶನಿವಾರ ಬೆಳಿಗ್ಗೆ, ಐವತ್ನಾಲ್ಕನೇ ವಯಸ್ಸಿನಲ್ಲಿ, ಸಮುದ್ರ ಅವರ ಕಣ್ಣೆದುರಿಗೆ ಬಂತು. ಅವರು ಅದಕ್ಕೆ ಬೆನ್ನು ಹಾಕಿ ಹತ್ತಿರದಲ್ಲಿ ಸಾಹೇಬನಿಗೆ ತಕ್ಕ ಪಾಯಿಖಾನೆ ಎಲ್ಲಿದೆ ಎಂದು ಹುಡುಕಿದರು. ಸಿಕ್ಕಿದ ಮೇಲೆ ಡೈರಿಯಲ್ಲಿ ಬರೆದರು: ದಡದಿಂದ ಇನ್ನೂರು ಹೆಜ್ಜೆ, ಬಾಗಿಲಿಗೆ ಚಿಲಕ ಇಲ್ಲ, ಹಗ್ಗ ತರುವುದು.

ಇದು ಅವರ ರೀತಿ. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಇಪ್ಪತ್ತರ ಹುಡುಗನಾಗಿ ಸೇರಿದಾಗ ಹೆಡ್‌ಕ್ಲಾರ್ಕ್ ಹಣಮಂತರಾಯರು ಕಲಿಸಿದ್ದ ಒಂದೇ ಪಾಠ: ನೀನು ನಾಳೆ ಸತ್ತರೂ ನಿನ್ನ ಫೈಲು ಓದಿ ಇನ್ನೊಬ್ಬ ಕೆಲಸ ಮಾಡುವಂತಿರಬೇಕು. ಗುಮಾಸ್ತನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಎರಡು ದಿನ ಅವರು ಆ ತೀರವನ್ನು ಇಂಚಿಂಚೂ ಬರೆದರು. ಎಷ್ಟು ಗಂಟೆಗೆ ನೀರು ಏರುತ್ತದೆ, ಯಾವ ಮನೆಯಾಕೆ ಕುದಿಸಿದ ನೀರು ಕೊಡುತ್ತಾಳೆ, ಯಾವ ರಸ್ತೆಯ ಸೇತುವೆ ಮಳೆಗೆ ಮುಳುಗುತ್ತದೆ, ಯಾವ ಡಾಕ್ಟರು ಭಾನುವಾರವೂ ಇರುತ್ತಾನೆ. ಮೀನಿನ ಬುಟ್ಟಿಗಳ ಪಕ್ಕ ನಿಂತು ಮೂಗಿಗೆ ಟವೆಲ್ಲು ಹಿಡಿದು ಯಾವ ಗಾಳಕ್ಕೆ ಯಾವ ಮೀನು ಎಂದು ಕೇಳಿ ಕೇಳಿ ಬರೆದರು.

ಭಾನುವಾರ ಬೆಳಕು ಹರಿಯುವಾಗ ಪೋಲಯ್ಯ ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ಒಳಗೆ ಕರೆದೊಯ್ದ. ಕಪ್ಪು ಮೈಯ, ಕಡಿಮೆ ಮಾತಿನ ಮನುಷ್ಯ. ಅಮರೇಶಪ್ಪನವರು ಎರಡು ಸಲ ವಾಂತಿ ಮಾಡಿಕೊಂಡರು. ಒಂದು ಕಡೆ ಪೋಲಯ್ಯ ಎಂಜಿನ್ನು ನಿಲ್ಲಿಸಿ ದಡದತ್ತ ಕೈ ತೋರಿಸಿದ. ಅಲ್ಲಿಯ ದೀಪಸ್ತಂಭದ ಹಿಂದೆ ಒಂಟಿ ತಾಳೆಮರವೊಂದು ಸರಿಯಾಗಿ ಮರೆಯಾಗಿತ್ತು; ಬಲಕ್ಕೆ ಹಳೆಯ ಐಸ್ ಫ್ಯಾಕ್ಟರಿಯ ಚಿಮಣಿ ಗುಡಿಯ ಶಿಖರಕ್ಕೆ ನೇರವಾಗಿತ್ತು. ಎರಡೂ ಗುರುತು ಹೀಗೆ ಕೂಡಿದ ಕಡೆ ಕೆಳಗೆ ಕಲ್ಲುಬಂಡೆ ಇದೆ, ಅಲ್ಲಿ ಗಾಳ ಬಿಟ್ಟವನು ಬರಿಗೈಲಿ ಬರುವುದಿಲ್ಲ ಎಂದ. ಅಮರೇಶಪ್ಪನವರು ಡೈರಿ ತೆಗೆದರು.

"ರಾಯೊದ್ದು ಸಾರೂ," ಎಂದ ಪೋಲಯ್ಯ. ಬರೆಯಬೇಡಿ. ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ನನ್ನಪ್ಪ ನನಗೆ ತೋರಿಸಿದ್ದು ಅವನು ಸಾಯುವ ವರ್ಷ, ನನ್ನ ತಮ್ಮನಿಗೂ ನಾನು ಹೇಳಿಲ್ಲ ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದ. ಕಮಲಾಕ್ಷಮ್ಮ ಹೇಳಿದ್ದಕ್ಕೆ ತೋರಿಸಿದೆ, ನೀವು ಬನ್ನಿ, ನಾನು ಕರೆದೊಯ್ಯುತ್ತೇನೆ, ಕಾಗದದ ಮೇಲೆ ಮಾತ್ರ ಬೇಡ.

ಅಮರೇಶಪ್ಪನವರು ಡೈರಿ ಮುಚ್ಚಿದರು. ಮಾತು ಕೊಟ್ಟರು.

ವಾಪಸು ಬಸ್ಸಿನಲ್ಲಿ ವಿಜಯವಾಡ ದಾಟುವವರೆಗೆ ಆ ಮಾತು ಉಳಿಯಿತು. ಆಮೇಲೆ ಹೆದರಿಕೆ ಶುರುವಾಯಿತು. ಎಲ್ಲ ಬರೆದು ಮೀನು ಸಿಗುವ ಜಾಗವನ್ನೇ ಬಿಟ್ಟರೆ ಅದೆಂಥ ಫೈಲು? ಮುದುಕನಿಗೆ ಮರೆವು ಎನ್ನುತ್ತಾರೆ. ಇಲ್ಲವೇ ಮತ್ತೆ ಸುಳ್ಳು ಹೇಳಿದ ಎನ್ನುತ್ತಾರೆ. ಮಂಗಳವಾರದ ಮಷೀನಿನ ಬೆಲ್ಲು ಅವರ ಕಿವಿಯಲ್ಲಿ ಹೊಡೆಯತೊಡಗಿತು. ಕುಲುಕುವ ಬಸ್ಸಿನಲ್ಲಿ ಡೈರಿ ಬಿಚ್ಚಿ, ದೀಪಸ್ತಂಭ, ತಾಳೆಮರ, ಚಿಮಣಿ, ಶಿಖರ, ಎಲ್ಲ ಬರೆದು ಕೆಳಗೊಂದು ನಕ್ಷೆಯನ್ನೂ ಹಾಕಿದರು. ಅವರಿಗೆ ತಮ್ಮ ಮೇಲೆ ನಾಚಿಕೆಯಾಯಿತು. ಆದರೂ ನಕ್ಷೆಗೆ ಅಡ್ಡಗೆರೆ ಎಳೆಯಲಿಲ್ಲ.

ಸೋಮವಾರ ಇಪ್ಪತ್ತಾರು ಪುಟದ ಫೈಲು ಋಷಭ್‌ನ ಮೇಜಿನ ಮೇಲಿತ್ತು. ಪಕ್ಕದಲ್ಲಿ ಅನ್ವಿತಾ ಎಂಬ ಹುಡುಗಿ ಕೂತಿದ್ದಳು. ಹೊಸ ಏಜೆನ್ಸಿಯಿಂದ ಬಂದವಳು, ಮೈಸೂರಿನವಳು. ಪುಟ ತಿರುವುತ್ತಾ ತಿರುವುತ್ತಾ ಅವಳ ಕಣ್ಣು ಅರಳಿತು. "ಸಾರ್, ನಾನು ಇಂಥ ಪ್ಲ್ಯಾನ್ ನೋಡೇ ಇಲ್ಲ. ಇದರಲ್ಲಿ ಬಿಟ್ಟುಹೋದದ್ದು ಏನಾದ್ರೂ ಇದೆಯಾ?" ಎಂದು ಕನ್ನಡದಲ್ಲಿ ಕೇಳಿದಳು.

ಆ ಕಟ್ಟಡದಲ್ಲಿ ಕನ್ನಡ ಕೇಳಿದ ಖುಷಿಯೋ, ಹೊಗಳಿಕೆಯ ಖುಷಿಯೋ. ಎಷ್ಟೋ ತಿಂಗಳ ಮೇಲೆ ಅಮರೇಶಪ್ಪನವರ ಬೆನ್ನು ನೆಟ್ಟಗಾಯಿತು. "ಏನೂ ಬಿಟ್ಟಿಲ್ರಿ ಮೇಡಮ್. ನಾ ಇಲ್ದಿದ್ರೂ ನಡಿತೈತಿ, ಹಂಗ ಬರ್ದೀನಿ," ಎಂದರು.

ಅನ್ವಿತಾ ಅದನ್ನು ಋಷಭ್‌ಗೆ ಇಂಗ್ಲಿಷಿನಲ್ಲಿ ತಿಳಿಸಿದಳು. ಅವನು ತಲೆಯಾಡಿಸಿದ. ನೀವಿಲ್ಲದೆ ಕೆಲಸ ನಡೆಯುತ್ತದೆಯೇ ಎಂಬುದೇ ಕಮಿಟಿಯಲ್ಲೂ ಪ್ರಶ್ನೆಯಾಗಿತ್ತು ಅಮರೇಶ್‌ಜೀ ಎಂದ. ನಿಮ್ಮಂಥ ಹಳಬರು ಹೋದರೆ ಕೆಲಸ ನಿಲ್ಲುತ್ತದೆ ಎಂದು ಹೇಳಿಯೇ ನಾನು ನಿಮ್ಮನ್ನು ಉಳಿಸಬೇಕಿತ್ತು. ಇಷ್ಟು ಅಚ್ಚುಕಟ್ಟಾಗಿ ಬರೆದುಕೊಟ್ಟ ಮೇಲೆ ಯಾವ ಕೆಲಸ ನಿಲ್ಲುತ್ತದೆ, ಏನು ಹೇಳಲಿ? ಪ್ರವಾಸವನ್ನು ಏಜೆನ್ಸಿಯೇ ನಡೆಸುತ್ತದೆ, ನೀವು ದಣಿಯುವುದು ಬೇಡ. ತಿಂಗಳ ಕೊನೆಯವರೆಗೆ ಕೂತು ಉಳಿದ ಕೆಲಸವನ್ನೂ ಹೀಗೇ ಬರೆದುಕೊಡಿ.

ಆಗ ಅಮರೇಶಪ್ಪನವರ ಬಿಗುಮಾನ ಮುರಿಯಿತು. ಹೆಂಡತಿ, ಕಿಡ್ನಿ, ಕಾರ್ಡು, ಮಂಗಳವಾರ, ಶುಕ್ರವಾರ ಎಂದು ಹಿಂದಿಯಲ್ಲಿ ತೊದಲಿದರು. ಋಷಭ್‌ನ ಮುಖ ನಿಜಕ್ಕೂ ಕಳೆಗುಂದಿತು. ಮೊದಲೇ ಯಾಕೆ ಹೇಳಲಿಲ್ಲ ಎಂದ. ಬಿಡಿಸುವವರ ಹೆಸರುಗಳು ಶುಕ್ರವಾರವೇ ಹೋಗಿವೆ, ಅದರಿಂದ ನಿಮ್ಮದನ್ನು ತೆಗೆಸಲು ನನ್ನಲ್ಲಿದ್ದದ್ದು ಕೆಲಸ ನಿಲ್ಲುತ್ತದೆ ಎಂಬ ಆ ಒಂದೇ ಮಾತು, ಕಾರ್ಡು ಜೂನ್ ಮೂವತ್ತನೇ ತಾರೀಖಿನವರೆಗೆ ನಡೆಯುತ್ತದೆ, ಕೇಳಿ ನೋಡುತ್ತೇನೆ, ಆದರೆ ಭರವಸೆ ಕೊಡಲಾರೆ ಎಂದ. ಅನ್ವಿತಾ ತಲೆ ತಗ್ಗಿಸಿ ನಕ್ಷೆಯ ಪುಟವನ್ನು ಮುಚ್ಚಿದಳು. ಫೈಲು ಮಾತ್ರ ಅವಳ ಮಡಿಲಲ್ಲೇ ಉಳಿಯಿತು.

ಮಂಗಳವಾರ ಆಸ್ಪತ್ರೆಯಲ್ಲಿ ಸೂಗಮ್ಮ ಮಷೀನಿನ ಪಕ್ಕ ಮಲಗಿದ್ದಳು. ನಾನು ಪ್ರವಾಸಕ್ಕೆ ಹೋಗುತ್ತಿಲ್ಲ ಎಂಬುದೊಂದನ್ನೇ ಅಮರೇಶಪ್ಪನವರು ಅವಳಿಗೆ ಹೇಳಿದ್ದರು. "ಭಾಳ ಚಲೋ ಆತು ಬಿಡ್ರಿ. ನೀವು ಬಾಜೂಕ ಇಲ್ಲಂದ್ರ ನನಗ ಅಂಜಿಕಿ ಬರ್ತೈತಿ," ಎಂದಳು ಅವಳು, ಮಗುವಿನಂತೆ ನಕ್ಕು.

ಮುಂದಿನ ತಿಂಗಳ ಪಟ್ಟಿ ಹಿಡಿದು ನರ್ಸು ಬಂದಳು. ಬೆಡ್ಡುಗಳಿಗೆ ನೂಕುನುಗ್ಗಲಿದೆ, ಈಗಲೇ ಹಿಡಿಯಬೇಕು, ಜುಲೈಯಲ್ಲೂ ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಏಳಕ್ಕೆ ಇದೇ ಬೆಡ್ಡು, ಬರೆದುಕೊಳ್ಳಲೇ ಎಂದು ತೆಲುಗಿನಲ್ಲಿ ಕೇಳಿದಳು. ಅಮರೇಶಪ್ಪನವರು ಜೇಬಿನಲ್ಲಿದ್ದ ಕಾರ್ಡನ್ನು ಮುಟ್ಟಿ ನೋಡಿಕೊಂಡರು.

"ಹೂಂ ಅನ್ರಿ, ಇಲ್ಲಂದ್ರ ಯಾರರ ಹಿಡ್ಕೋತಾರ," ಎಂದಳು ಸೂಗಮ್ಮ.

"ಹೂಂ," ಎಂದರು ಅಮರೇಶಪ್ಪನವರು. ನರ್ಸು ಒಂದೊಂದೇ ತಾರೀಖು ಓದಿ ಹೇಳುತ್ತಾ ಬರೆದುಕೊಂಡಳು. ಒಂಬತ್ತು ದಿನ. ಒಂಬತ್ತಕ್ಕೂ ಅವರು ತಲೆಯಾಡಿಸಿದರು.